ದಿನಕ್ಕೊಂದು ಪದ: ಮೂರು ಮನೆಯ ಆಟಕ್ಕೆ ಬಣ್ಣ ಎಷ್ಟು, ಮೊದಲ ಪದ ಯಾವುದು, ಪಟ್ಟಿ ಯಾರದ್ದು?

ಕಾಳಿ ಸೇತುವೆ (ಕಾರವಾರ)

ಬೆಳಗಿನ ಚಾ ಜೊತೆ ಇಂಗ್ಲಿಷ್ ವರ್ಡಲ್ ಆಡುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಗೊತ್ತಿಲ್ಲದವರಿಗೆ ಎರಡು ಸಾಲು: ಐದು ಅಕ್ಷರದ ಪದ, ಆರು ಅವಕಾಶ. ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲ ಅಂದರೆ ಬೂದು. ಜೋಶ್ ವಾರ್ಡಲ್ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಬಿಟ್ಟ ಆಟ ಇದು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಇತಿಹಾಸ ಅಷ್ಟು ಸಾಕು.

ಈ ಎಳೆ ನಮ್ಮ ಕನ್ನಡದ ಆಟಕ್ಕೆ. ಮೂರು ಮನೆ, ಆರು ಅವಕಾಶ, ಭಾನುವಾರ ಮಾತ್ರ ನಾಲ್ಕು ಮನೆ. ಒಂದು ಮನೆಗೆ ಒಂದು ಅಕ್ಷರ, ಅಂದರೆ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿ ಒಂದು. ‘ರಾಂಪಣಿ’ ಅಂದರೆ ರಾಂ, ಪ, ಣಿ. ‘ಮಹತ್ವ’ ಅಂದರೆ ಮ, ಹ, ತ್ವ. ಇದರಲ್ಲಿ ಹೊಸತೇನಿಲ್ಲ, ಪೇಪರಿನ ಪದಬಂಧ ತುಂಬುವಾಗ ಎಲ್ಲರೂ ಮಾಡುವುದು ಇದನ್ನೇ.

ಬಣ್ಣ ಹೀಗೆ:

🟩 ಅಕ್ಷರ ಪೂರ್ತಿ ಸರಿ, ಮನೆಯೂ ಸರಿ
🟦 ಮನೆ ಸರಿ, ವ್ಯಂಜನ ಸರಿ, ಗುಣಿತ ಅಥವಾ ಒತ್ತು ಬೇರೆ
🟨 ಅಕ್ಷರ ಪೂರ್ತಿ ಸರಿ, ಇರುವುದು ಬೇರೆ ಮನೆಯಲ್ಲಿ
🟪 ವ್ಯಂಜನ ಮಾತ್ರ ಇದೆ, ಬೇರೆ ಮನೆಯಲ್ಲಿ, ಬೇರೆ ಗುಣಿತದಲ್ಲಿ
⬛ ಏನೂ ಇಲ್ಲ

ಸ್ವರದಿಂದ ಶುರುವಾಗುವ ಪದದಲ್ಲಿ ಹ್ರಸ್ವ ದೀರ್ಘ ಜೋಡಿಗೆ ಮಾತ್ರ ನೀಲಿ: ಅ ಇಟ್ಟಾಗ ಉತ್ತರ ಆ ಆಗಿದ್ದರೆ 🟦, ಅ ಇಟ್ಟು ಉತ್ತರ ಒ ಆಗಿದ್ದರೆ ⬛.

ತಕರಾರು ಇದ್ದವರು ಈಗಲೇ ಹೇಳಿ.

ಘಟ್ಟದ ಮೇಲಿನವ (ಶಿರಸಿ)

ತಕರಾರು ಇದೆ. ಐದು ಬಣ್ಣ ಹೋಳಿಗೆ ಸರಿ, ಆಟಕ್ಕೆ ಜಾಸ್ತಿ. ಇಂಗ್ಲಿಷಿನಲ್ಲಿ ಮೂರೇ ಬಣ್ಣದಲ್ಲಿ ಜಗತ್ತೆಲ್ಲ ಆಡುತ್ತದೆ. ನೀಲಿ, ನೇರಳೆ ಎರಡನ್ನೂ ತೆಗೆದರೆ ಆಟ ಬಿಗಿಯಾಗುತ್ತದೆ. ಮೂರೇ ಮನೆ ಇಟ್ಟುಕೊಂಡು ಇಷ್ಟು ಸುಳಿವು ಕೊಟ್ಟರೆ ಎರಡನೇ ಸಾಲಿಗೇ ಮುಗಿಯುವುದಿಲ್ಲವೇ?

ಕಾಳಿ ಸೇತುವೆ (ಕಾರವಾರ)

ಬಿಗಿಯಾಗುವುದಿಲ್ಲ ಮಾರಾಯ್ರೇ, ಕುರುಡಾಗುತ್ತದೆ. ಊರ ಹೆಸರನ್ನು ಉತ್ತರವಾಗಿ ಇಡುವಂತಿಲ್ಲ, ಆದರೂ ಉದಾಹರಣೆಗೆ ಉತ್ತರ ‘ಕಾರವಾರ’ ಅಂತ ಇಟ್ಟುಕೊಳ್ಳಿ. ನಾಲ್ಕು ಮನೆ: ಕಾ, ರ, ವಾ, ರ. ನೀವು ‘ಕರಾವಳಿ’ ಹಾಕಿದಿರಿ: ಕ, ರಾ, ವ, ಳಿ.

ಮೂರು ಬಣ್ಣದ ಆಟದಲ್ಲಿ ಬರುವುದು: ⬛⬛⬛⬛
ಐದು ಬಣ್ಣದ ಆಟದಲ್ಲಿ ಬರುವುದು: 🟦🟦🟦⬛

ನಾಲ್ಕರಲ್ಲಿ ಮೂರು ವ್ಯಂಜನ ಅದದೇ ಮನೆಯಲ್ಲಿ ಕೂತಿವೆ, ತಪ್ಪಿದ್ದು ದೀರ್ಘ ಮಾತ್ರ. ಹಾಗಿದ್ದೂ ಮೊದಲನೇ ಸಾಲು ‘ಏನೂ ಇಲ್ಲ’ ಅನ್ನುತ್ತದೆ. ಇಂಗ್ಲಿಷಿನಲ್ಲಿ 26 ಅಕ್ಷರ, ಸ್ವರಕ್ಕೂ ಬೇರೆ ಮನೆ. ನಮ್ಮಲ್ಲಿ ಒಂದು ಕ ಇದ್ದರೆ ಕ, ಕಾ, ಕಿ, ಕೀ ಅಂತ ಸಾಲು ಶುರು, ಅದರ ಮೇಲೆ ಒತ್ತು ಬೇರೆ. ವ್ಯಂಜನ ಸಿಕ್ಕಿತೋ ಇಲ್ಲವೋ ಅನ್ನುವುದನ್ನೇ ಹೇಳದಿದ್ದರೆ ಆರು ಸಾಲಿನಲ್ಲಿ ಯಾವ ಶಾಣ್ಯಾನಿಗೂ ಆಗುವುದಿಲ್ಲ.

ಲೆಕ್ಕಕ್ಕೂ ನೋಡಿ. ಇಂಗ್ಲಿಷಿನಲ್ಲಿ ಐದು ಮನೆ, ಮೂರು ಬಣ್ಣ: ಒಂದು ಸಾಲಿಗೆ ಹೆಚ್ಚೆಂದರೆ 243 ಬಗೆಯ ಉತ್ತರ. ನಮ್ಮದು ಮೂರು ಮನೆ, ಐದು ಬಣ್ಣ: 125. ಬಣ್ಣ ಜಾಸ್ತಿ ಕಂಡರೂ ಒಂದು ಸಾಲಿನಲ್ಲಿ ಸಿಗುವ ಸುಳಿವು ಅವರಿಗಿಂತ ಕಡಿಮೆಯೇ. ಮೂರು ಬಣ್ಣ ಇಟ್ಟರೆ ಬರೀ 27.

ಘಟ್ಟದ ಮೇಲಿನವ (ಶಿರಸಿ)

ಕರಾವಳಿ ಉದಾಹರಣೆ ಒಪ್ಪಿದೆ. ನೀಲಿ ಇರಲಿ. ನೇರಳೆ ಬಗ್ಗೆ ಇನ್ನೂ ಅನುಮಾನ ಇದೆ, ಸದ್ಯಕ್ಕೆ ಅಡ್ಡಿಲ್ಲೆ.

ಅಘನಾಶಿನಿ ದಡ (ಕುಮಟಾ)

ಬಣ್ಣ ಹಾಕುವ ಕ್ರಮ ಬರೆದಿಡುವುದು ಒಳ್ಳೆಯದು. ವಾಟ್ಸಾಪಿನಲ್ಲಿ ಕೈಯಿಂದ ಬಣ್ಣ ಹಾಕಿ ಕಳಿಸುವವರು ತಪ್ಪುವುದು ಇಲ್ಲೇ, ಅದೂ ಒಂದೇ ಅಕ್ಷರ ಎರಡು ಸಲ ಬಂದಾಗ. ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ಬಣ್ಣ ಹಾಕಬೇಡಿ. ನಾಲ್ಕು ಓಟ ಬೇಕು:

ಉತ್ತರವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಮೊದಲ ಓಟದಲ್ಲಿ ಹಸಿರು ಮಾತ್ರ ಹುಡುಕಿ, ಸಿಕ್ಕ ಅಕ್ಷರವನ್ನು ಉತ್ತರದಲ್ಲಿ ಹೊಡೆದುಹಾಕಿ. ಎರಡನೇ ಓಟ ನೀಲಿ, ಮತ್ತೆ ಹೊಡೆದುಹಾಕಿ. ಮೂರನೇ ಓಟ ಹಳದಿ, ನಾಲ್ಕನೆಯದು ನೇರಳೆ. ಒಮ್ಮೆ ಹೊಡೆದ ಅಕ್ಷರ ಇನ್ನೊಂದು ಬಣ್ಣಕ್ಕೆ ಸಿಗಬಾರದು.

ಅದೇ ಕಾರವಾರ ತಗೊಳ್ಳಿ, ಊಹೆ ‘ರವಿವಾರ’: ರ, ವಿ, ವಾ, ರ.

ಹಸಿರು ಓಟ: ಮೂರನೇ ಮನೆ ವಾ, ನಾಲ್ಕನೇ ಮನೆ ರ. ಎರಡನ್ನೂ ಹೊಡೆದಾಯ್ತು, ಉತ್ತರದಲ್ಲಿ ಉಳಿದದ್ದು ಕಾ ಮತ್ತು ಎರಡನೇ ಮನೆಯ ರ. ನೀಲಿ: ಇಲ್ಲ. ಹಳದಿ: ಮೊದಲ ಮನೆಯ ರ, ಉಳಿದ ರ ಜೊತೆ ಹೊಂದುತ್ತದೆ. ನೇರಳೆ: ವಿ ಹುಡುಕಿದರೆ ವ ಉಳಿದೇ ಇಲ್ಲ.

ಸರಿ: 🟨⬛🟩🟩
ಒಂದೇ ಓಟದಲ್ಲಿ ಹಾಕಿದರೆ: 🟨🟪🟩🟩

ಎರಡನೆಯದನ್ನು ನೋಡಿದವರು ಪದದಲ್ಲಿ ಎರಡು ವ ಇದೆ ಅಂದುಕೊಂಡು ದಿನವಿಡೀ ಹುಡುಕುತ್ತಾರೆ. ಗುಂಪಿನಲ್ಲಿ ಜಗಳ ಹುಟ್ಟುವುದು ಉತ್ತರದಿಂದಲ್ಲ, ಈ ಒಂದು ನೇರಳೆಯಿಂದ.

ಬನವಾಸಿ ದಾರಿ (ಶಿರಸಿ)

ಅರ್ಕಾವತ್ತಿಗೆ ಏನು ಮಾಡುವುದು? ‘ದರ್ಪಣ’ ಅಂದರೆ ದ, ರ್ಪ, ಣ. ನಡುವಿನ ಮನೆಯಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣುವುದು ಪ, ರ ಹಿಂದೆ ಬಾಲದ ಹಾಗೆ. ನಾನು ‘ತರಲೆ’ ಹಾಕಿದರೆ ನಡುವೆ ರ ಇದೆ. ಅದಕ್ಕೆ ನೀಲಿಯೋ ಕಪ್ಪೋ?

ಕಾಳಿ ಸೇತುವೆ (ಕಾರವಾರ)

ನೀಲಿ. ಕಣ್ಣನ್ನು ಬಿಟ್ಟು ಕಿವಿ ಕೇಳಿ: ದರ್ಪಣದಲ್ಲಿ ಮೊದಲು ಬೀಳುವುದು ರ, ಆಮೇಲೆ ಪ. ಟೈಪ್ ಮಾಡುವುದೂ ರ, ಹಲಂತ, ಪ ಕ್ರಮದಲ್ಲೇ. ತ್ವ ಬಂದರೆ ತ, ಬ್ಬ ಬಂದರೆ ಬ, ರ್ಪ ಬಂದರೆ ರ. ಒಂದೇ ನಿಯಮ, ಮೊದಲು ಉಚ್ಚಾರ ಆಗುವ ವ್ಯಂಜನವೇ ಮನೆಯ ಯಜಮಾನ. ಒತ್ತಾಗಿ ಬಂದದ್ದಕ್ಕೆ ಬಣ್ಣ ಇಲ್ಲ. ಒತ್ತಿಗೂ ಸುಳಿವು ಕೊಡಬೇಕು ಅಂದರೆ ಆರನೇ ಬಣ್ಣ ಬೇಕಾಗುತ್ತದೆ, ಆಗ ಘಟ್ಟದ ಮೇಲಿನವರು ಎದ್ದೇ ಹೋಗುತ್ತಾರೆ.

ಗಂಗಾವಳಿ (ಅಂಕೋಲಾ)

ಮೊದಲ ಪದದ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಕ್ರೇನ್, ಸ್ಲೇಟ್ ಅಂತ ಹೇಳುವುದು ಅವೆರಡರಲ್ಲೂ ಹೆಚ್ಚು ಬಳಕೆಯ ಐದು ಬೇರೆ ಬೇರೆ ಅಕ್ಷರ ಇರುವುದಕ್ಕೆ. ಕನ್ನಡಕ್ಕೆ ಅದೇ ಲೆಕ್ಕ ವ್ಯಂಜನದಲ್ಲಿ ಹಾಕಬೇಕು. ಒಂದೇ ಪದ ಸಾಲುವುದಿಲ್ಲ, ಮೂರು ಪದದ ಕಟ್ಟು ಇಟ್ಟುಕೊಳ್ಳಿ:

ಕನಸು, ತರಲೆ, ಮಡದಿ

ಒಂಬತ್ತು ವ್ಯಂಜನ: ಕ ನ ಸ, ತ ರ ಲ, ಮ ಡ ದ. ಒಂದೂ ಎರಡು ಸಲ ಇಲ್ಲ. ಕೊನೆಯ ಸ್ವರ ಮೂರರಲ್ಲೂ ಬೇರೆ: ಉ, ಎ, ಇ. ಕನ್ನಡದ ನಾಮಪದ ಹೆಚ್ಚಾಗಿ ಕೊನೆಗೊಳ್ಳುವುದು ಈ ಮೂರರಲ್ಲಿ, ಇಲ್ಲವೇ ಅ ದಲ್ಲಿ. ಇಷ್ಟರಲ್ಲಿ ಎರಡು ನೀಲಿ, ಒಂದು ನೇರಳೆ ಬಿದ್ದರೂ ನಾಲ್ಕನೇ ಸಾಲು ಸಲೀಸು. ಮೂರನ್ನೂ ಒಟ್ಟಿಗೆ ಮನೆಯಲ್ಲಿ ಜೋರಾಗಿ ಓದಬೇಡಿ, ಅಷ್ಟೇ.

ಮೂರೂ ಹಾಕಲೇಬೇಕು ಅಂತಿಲ್ಲ. ಎರಡನೇ ಸಾಲಿಗೇ ಎರಡು ಬಣ್ಣ ಸಿಕ್ಕರೆ ಮಡದಿಯನ್ನು ಬಿಟ್ಟು ನೇರ ಹುಡುಕಿ.

ಇನ್ನು ಕೆಲವು. ಳ, ಣ ಮೊದಲ ಮನೆಗೆ ಬರುವುದಿಲ್ಲ, ಅಲ್ಲಿಟ್ಟು ಅವಕಾಶ ಕಳೆಯಬೇಡಿ. ಅಚ್ಚ ಕನ್ನಡ ಪದ ರ, ಲ ದಿಂದ ಶುರುವಾಗುವುದು ತೀರ ಕಡಿಮೆ. ರ ಮೊದಲ ಮನೆಯಲ್ಲಿ ಹಸಿರಾದರೆ ರಜತ, ರಸಿಕ ತರದ ಸಂಸ್ಕೃತ ಪದ ಯೋಚಿಸಿ. ಹ ಮೊದಲ ಮನೆಗೆ ಗಿರಾಕಿ. ಹಳಗನ್ನಡದ ಪಾಲು ಹಾಲಾಯ್ತು, ಪೂವು ಹೂವಾಯ್ತು, ಹಾಗಾಗಿ ನಮ್ಮ ಮನೆಮಾತಿನ ಎಷ್ಟೋ ಪದ ಹ ದಿಂದಲೇ ಶುರು. ನಡುವೆ ಹ ಬಂದರೆ ಬಹಳ, ಮಹತ್ವ, ಸಹನೆ ಅಂತ ಬೆರಳೆಣಿಕೆ. ಮಹಾಪ್ರಾಣ (ಖ ಘ ಛ ಠ ಥ ಧ ಭ) ಕೊನೆಗೆ ಇಟ್ಟುಕೊಳ್ಳಿ. ಮೂರು ಸಾಲಿನಲ್ಲೂ ಮೊದಲ ಮನೆಗೆ ಏನೂ ಹೊಂದಲಿಲ್ಲ ಅಂದರೆ ಸ್ವರದಿಂದ ಶುರುವಾಗುವ ಪದ ನೆನಪಿಸಿ: ಅಡಿಕೆ, ಇರುಳು, ಒಡಲು. ಹೊಸಬರು ಮರೆಯುವುದು ಇದನ್ನೇ.

ಕೋಡಿಬಾಗ (ಕಾರವಾರ)

ಇಂಗ್ಲಿಷಿನಲ್ಲಿ ಲೈಟ್, ಮೈಟ್, ನೈಟ್, ಫೈಟ್, ರೈಟ್, ಸೈಟ್, ಟೈಟ್ ಅಂತ ಒಂದು ಗುಂಡಿ ಇದೆಯಲ್ಲ, ನಾಲ್ಕು ಮನೆ ಹಸಿರು, ಮೊದಲನೆಯದು ಮಾತ್ರ ಸಿಗುವುದಿಲ್ಲ. ಕನ್ನಡದಲ್ಲಿ ಆ ಗುಂಡಿ ‘ರಳು’. ಎರಡನೇ ಮನೆ ರ, ಮೂರನೇ ಮನೆ ಳು ಹಸಿರಾಗಿ ಕೂತರೆ ಖುಷಿಪಡಬೇಡಿ. ಇಷ್ಟು ಸಾಧ್ಯ:

ಬೆರಳು, ನೆರಳು, ಕೊರಳು, ಮರಳು, ಹರಳು, ಸರಳು, ಅರಳು, ಹೊರಳು, ನರಳು, ಕೆರಳು, ತೆರಳು.

ಹನ್ನೊಂದು. ಒಂದೊಂದಾಗಿ ಹಾಕುತ್ತಾ ಹೋದರೆ ಆರು ಸಾಲು ಮುಗಿದೇ ಹೋಗುತ್ತದೆ.

ಅಘನಾಶಿನಿ ದಡ (ಕುಮಟಾ)

ಒರಳು ಎಲ್ಲಿ? ಮಿಕ್ಸರ್ ಬಂತು ಅಂತ ಪಟ್ಟಿಯಿಂದಲೂ ತೆಗೆದರೇ?

ಕೋಡಿಬಾಗ (ಕಾರವಾರ)

ಹೌದಲ್ಲ, ಹನ್ನೆರಡು.

ಇದರಿಂದ ಹೊರಬರುವ ದಾರಿ ಗೆಲ್ಲುವ ಪದ ಹಾಕುವುದಲ್ಲ, ಬಲಿ ಪದ ಹಾಕುವುದು. ರಳು ಹಸಿರಾಗಿದ್ದರೂ ಅದನ್ನು ಬಿಟ್ಟು, ಮೊದಲ ಮನೆಗೆ ಬರಬಹುದಾದ ವ್ಯಂಜನಗಳನ್ನು ಒಂದೇ ಪದದಲ್ಲಿ ತುಂಬಿ ಹಾಕಬೇಕು. ನೇರಳೆ ಬಣ್ಣದ ಬೆಲೆ ಇಲ್ಲಿ ಗೊತ್ತಾಗುತ್ತದೆ, ಶಿರಸಿಯವರು ಸ್ವಲ್ಪ ಗಮನಿಸಿ.

ಮೊದಲ ಬಲಿ ‘ಕನಸು’ (ಮೊದಲೇ ಹಾಕಿರದಿದ್ದರೆ):
🟦⬛⬛ ಬಂದರೆ ಕೊರಳು ಅಥವಾ ಕೆರಳು
⬛🟪⬛ ಬಂದರೆ ನೆರಳು
⬛🟨⬛ ಬಂದರೆ ನರಳು (ಗುಣಿತ ಇಲ್ಲದ ನ ಪೂರ್ತಿ ಹೊಂದುತ್ತದೆ)
⬛⬛🟪 ಬಂದರೆ ಸರಳು
⬛⬛⬛ ಬಂದರೆ ಉಳಿದದ್ದು ಏಳು: ಬೆರಳು, ಮರಳು, ಹರಳು, ಹೊರಳು, ಅರಳು, ತೆರಳು, ಒರಳು

ಎರಡನೇ ಬಲಿ ‘ಮಹತ್ವ’:
🟩⬛⬛ ಮರಳು
⬛🟨⬛ ಹರಳು
⬛🟪⬛ ಹೊರಳು
⬛⬛🟪 ತೆರಳು
⬛⬛⬛ ಬೆರಳು, ಅರಳು, ಒರಳು

ಇನ್ನೂ ಮೂರು ಉಳಿದು, ಕೈಯಲ್ಲಿ ಎರಡೇ ಅವಕಾಶ ಇದ್ದರೆ ಊಹೆಗೆ ಹೋಗಬೇಡಿ. ‘ಅಬ್ಬರ’ ಹಾಕಿ. ಅದರ ರ ಹೇಗೂ ಹಳದಿ ಬರುತ್ತದೆ, ಅದನ್ನು ಬಿಡಿ. ಮೊದಲ ಮನೆ ಹಸಿರಾದರೆ ಅರಳು, ನಡುವಿನ ಬ್ಬ ನೇರಳೆಯಾದರೆ ಬೆರಳು, ಎರಡೂ ಇಲ್ಲದಿದ್ದರೆ ಒರಳು. ಕೊನೆಯ ಸಾಲು ಖಾತ್ರಿ.

ತಕರಾರು ತೆಗೆಯಲು ಹೊರಟವರಿಗೆ ಮೊದಲೇ ಹೇಳುತ್ತೇನೆ: ಮೇಲೆ ಕನಸು, ಮಹತ್ವ ಎರಡರಲ್ಲೂ ರ, ಳ ಇಲ್ಲ ಅಂತಲೇ ಆರಿಸಿದ್ದು. ಗೊತ್ತಿರುವ ಅಕ್ಷರಕ್ಕೆ ಮತ್ತೆ ಮನೆ ಕೊಡುವುದು ದಂಡ. ಅಬ್ಬರದಲ್ಲಿ ರ ಬಂದದ್ದು ಬೇರೆ ಪದ ಸಿಗದ್ದಕ್ಕೆ.

ಗಂಗಾವಳಿ (ಅಂಕೋಲಾ)

ಇದಕ್ಕೆ ಒಂದು ಷರತ್ತು ಸೇರಿಸಿ. ಬಿಗಿ ಆಟ ಆಡುವವರಿಗೆ ಬಲಿ ಪದ ನಡೆಯುವುದಿಲ್ಲ. ಇಂಗ್ಲಿಷಿನ ಕಠಿಣ ಆಟದಲ್ಲೂ ಹಾಗೇ: ಹಸಿರು ಬಂದದ್ದು ಅದೇ ಜಾಗದಲ್ಲಿ, ಹಳದಿ ಬಂದದ್ದು ಎಲ್ಲಾದರೂ ಇರಲೇಬೇಕು. ಬಿಗಿ ಆಟದವರು ರಳು ಹತ್ತಿರವೇ ಹೋಗಬಾರದು, ಅಂದರೆ ಎರಡನೇ ಸಾಲಿಗೆ ರಳು ಹಸಿರು ಮಾಡಿಕೊಳ್ಳುವ ಪದ ಹಾಕಬಾರದು. ತರಲೆ ಹಾಕಿ ನಡುವೆ ರ ಹಸಿರಾದ ಕೂಡಲೇ ಮೊದಲ ಮನೆ ಗಟ್ಟಿ ಮಾಡಿಕೊಂಡು, ಆಮೇಲೆ ಕೊನೆಗೆ ಬನ್ನಿ.

ಇಂಥದ್ದೇ ಸಣ್ಣ ಗುಂಡಿಗಳು: ಕಡಲು, ಒಡಲು, ಮಡಲು. ಹಗಲು, ಹೆಗಲು, ಬಗಲು. ಇವು ಮೂರು ಮೂರೇ, ಉಸಿರು ಕಟ್ಟುವುದಿಲ್ಲ.

ಘಟ್ಟದ ಮೇಲಿನವ (ಶಿರಸಿ)

ನೇರಳೆಯನ್ನೂ ಒಪ್ಪಿದೆ. ಈಗ ಪಟ್ಟಿ.

ಯಾವ ಪದ ಉತ್ತರ ಆಗಬಹುದು, ಯಾವ ಪದ ಊಹೆಯಾಗಿ ಮಾತ್ರ ನಡೆಯುತ್ತದೆ, ಇವೆರಡನ್ನು ಬೇರೆ ಇಡದಿದ್ದರೆ ಆಟ ಹಾಳು. ವರ್ಡಲ್ ಶುರುವಾದಾಗ ಉತ್ತರದ ಪಟ್ಟಿಯಲ್ಲಿ ಇದ್ದದ್ದು 2,315 ಪದ. ಊಹೆಗೆ ಒಪ್ಪಿಕೊಳ್ಳುವ ಪದ ಅದರ ಮೇಲೆ ಹತ್ತು ಸಾವಿರಕ್ಕೂ ಜಾಸ್ತಿ. ಯಾರಿಗೂ ಗೊತ್ತಿಲ್ಲದ ಪದ ಉತ್ತರವಾಗಿ ಬರದೆ ಇರುವುದಕ್ಕೆ, ಬಳಕೆಯ ಪದ ಹಾಕಿದಾಗ ‘ಇದು ಪದವೇ ಅಲ್ಲ’ ಅನ್ನದೆ ಇರುವುದಕ್ಕೆ ಈ ಎರಡು ಪಟ್ಟಿ.

ಕನ್ನಡದಲ್ಲಿ ತೊಂದರೆ ಇನ್ನೂ ಜಾಸ್ತಿ, ವಿಭಕ್ತಿ ಇದೆ. ಮನೆ ಎರಡು ಮನೆಯ ಪದ, ಮನೆಗೆ ಮೂರು, ಮನೆಯಲಿ ನಾಲ್ಕು. ಎಲ್ಲವನ್ನೂ ಉತ್ತರವಾಗಿ ಬಿಟ್ಟರೆ ಪಟ್ಟಿಗೆ ತಳವೇ ಇಲ್ಲ. ನನ್ನ ಸೂಚನೆ: ಉತ್ತರ ಅಂದರೆ ನಿಘಂಟಿನ ತಲೆಪದ ಮಾತ್ರ. ನಾಮಪದ ಪ್ರತ್ಯಯ ಇಲ್ಲದೆ, ಕ್ರಿಯಾಪದ ಧಾತುವಿನಲ್ಲಿ. ಹೊರಳು ಸರಿ, ಹೊರಳಿತು ಬೇಡ. ಊಹೆಗೆ ಮನೆಗೆ, ಮನೆಯ, ನಗಲು, ಬರಲಿ ಎಲ್ಲ ನಡೆಯಲಿ. ಬಹುವಚನದ ಗಳು ಉತ್ತರದಲ್ಲಿ ಬೇಡವೇ ಬೇಡ. ವ್ಯಂಜನದಲ್ಲಿ ಮುಗಿಯುವುದೂ (ಬಸ್, ಫೋನ್) ಬೇಡ, ಕೊನೆಯ ಅರ್ಧಕ್ಕೆ ಮನೆ ಕೊಡಬೇಕೋ ಬೇಡವೋ ಅಂತ ದಿನಾ ವಾದ ಆಗುತ್ತದೆ.

ಬನವಾಸಿ ದಾರಿ (ಶಿರಸಿ)

ನಿಘಂಟು ಯಾವುದು? ಕಿಟೆಲ್‌ನದು 1894ರದ್ದು, ಅದರಲ್ಲಿ ಇರುವ ಎಷ್ಟೋ ಪದ ಈಗ ಯಾರ ಬಾಯಲ್ಲೂ ಇಲ್ಲ. ಈಗಿನ ಎಷ್ಟೋ ಪದ ಅದರಲ್ಲಿ ಇಲ್ಲ. ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ, ಕಪಾಟೇ ಬೇಕು. ಪಟ್ಟಿ ಕಟ್ಟಲಿಕ್ಕೆ ಸುಲಭ ಅಂದರೆ ಅಂತರಜಾಲದ ‘ಅಲರ್’ ಕೋಶ. ವಿ. ಕೃಷ್ಣ ಅವರು ಕಟ್ಟಿದ್ದು, ಒಂದೂವರೆ ಲಕ್ಷಕ್ಕೂ ಮೇಲೆ ಪದ ಇವೆ, ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಇಳಿಸಿಕೊಂಡು ಮೂರು ಮನೆಯವನ್ನು ಸೋಸಬಹುದು. ಆದರೆ ಸೋಸಿದ್ದನ್ನು ಹಾಗೇ ಉತ್ತರದ ಪಟ್ಟಿಗೆ ಸುರಿಯಬೇಡಿ. ಅದು ಊಹೆಯ ಪಟ್ಟಿ. ಉತ್ತರಕ್ಕೆ ಒಬ್ಬರು ಕೂತು ಕೈಯಲ್ಲಿ ಹೆಕ್ಕಬೇಕು, ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ದಿನಕ್ಕೆ ಒಂದರಂತೆ ಒಂದು ವರ್ಷಕ್ಕೆ 313 ಮೂರು ಮನೆಯ ಪದ, 52 ನಾಲ್ಕು ಮನೆಯ ಪದ ಸಾಕು.

ಕೋಡಿಬಾಗ (ಕಾರವಾರ)

ನಮ್ಮ ಕಡೆಯ ಪದಕ್ಕೆ ಜಾಗ ಉಂಟೋ ಇಲ್ಲವೋ? ಬಂಗಡೆ ಹಾಕಿದರೆ ಮಂಗಳೂರು ಕಡೆಯವರು ಬಂಗುಡೆ ಅನ್ನುತ್ತಾರೆ. ಬಳಚು (ಚಿಪ್ಪಿನ ಮೀನು) ಹಾಕಿದರೆ ಬೆಳಚು ಅನ್ನುತ್ತಾರೆ.

ಘಟ್ಟದ ಮೇಲಿನವ (ಶಿರಸಿ)

ನಮ್ಮಲ್ಲೂ ಅದೇ. ಬಾಯಲ್ಲಿ ಅಡಕೆ, ನಿಘಂಟಿನಲ್ಲಿ ಅಡಿಕೆ. ಅಡಕೆ ಹಾಕಿದವನಿಗೆ 🟩🟦🟩 ಬಂದರೆ ತೋಟದವನಿಗೇ ಅಡಿಕೆ ಗೊತ್ತಿಲ್ಲ ಅಂದ ಹಾಗಾಯ್ತು.

ಕಾಳಿ ಸೇತುವೆ (ಕಾರವಾರ)

ಇದಕ್ಕೆ ಜೋಡಿ ಪಟ್ಟಿ ಮಾಡೋಣ. ಎರಡು ರೂಪವೂ ಬಳಕೆಯಲ್ಲಿ ಇದ್ದರೆ ಯಾವುದನ್ನು ಹಾಕಿದರೂ ಗೆಲುವು. ಅಡಿಕೆ / ಅಡಕೆ, ಬಂಗಡೆ / ಬಂಗುಡೆ, ಬಳಚು / ಬೆಳಚು. ಮನೆಯ ಲೆಕ್ಕ ಬದಲಾಗುವ ಜೋಡಿ ಇದಕ್ಕೆ ಸೇರುವುದಿಲ್ಲ, ಅಂಥ ಪದವನ್ನು ಉತ್ತರವಾಗಿ ಇಡಲೇಬೇಡಿ.

ಊರಿನ ಪದಕ್ಕೆ ಭಾನುವಾರ. ನಾಲ್ಕು ಮನೆ, ಜೊತೆಗೆ ಒಂದು ಸಾಲಿನ ಸುಳಿವು ಕಡ್ಡಾಯ. ತೊಡದೇವು ಇಟ್ಟರೆ ‘ಮಡಿಕೆಯ ಬೆನ್ನಿನ ಮೇಲೆ ಎರೆಯುವ ಸಿಹಿ’ ಅನ್ನಿ. ಕೊನೆಗೌಡ ಇಟ್ಟರೆ ‘ಮರ ಹತ್ತಿ ಅಡಿಕೆ ಗೊನೆ ಇಳಿಸುವವ’. ಅಪ್ಪೆಹುಳಿಗೆ (ಮಾವಿನಕಾಯಿಯ ಹುಳಿ ಸಾರು) ಸುಳಿವು ಬರೆಯುವಾಗಲೇ ಬಾಯಲ್ಲಿ ನೀರು. ವಾರದ ದಿನ ಇಡುವ ಪದ ಘಟ್ಟದ ಮೇಲೂ ಕೆಳಗೂ ಗೊತ್ತಿರುವುದು ಆಗಬೇಕು: ತಂಬುಳಿ ನಡೆಯುತ್ತದೆ. ಗಜನಿ ಭಾನುವಾರಕ್ಕೂ ಕಷ್ಟ, ಮೂರೇ ಮನೆ, ಅದರ ಮೇಲೆ ಅಘನಾಶಿನಿಯ ಉಪ್ಪುನೀರಿನ ಗದ್ದೆ ಕಂಡವರಿಗೆ ಮಾತ್ರ ಗೊತ್ತು.

ಅಘನಾಶಿನಿ ದಡ (ಕುಮಟಾ)

ಗಜನಿ ಬಿಟ್ಟಿದ್ದಕ್ಕೆ ಕುಮಟಾದ ಪರವಾಗಿ ಪ್ರತಿಭಟನೆ ದಾಖಲಿಸಿದ್ದೇನೆ. ಕಗ್ಗ ಭತ್ತ ಬೆಳೆಯುವ ಗದ್ದೆಗೆ ಬೇರೆ ಪದ ಎಲ್ಲಿದೆ ಹೇಳಿ.

ಮಳೆಮಾಪಕ (ಯಲ್ಲಾಪುರ)

ಆಟವನ್ನು ಪುಟವಾಗಿ ಮಾಡುವವರಿಗೆ ನಾಲ್ಕು ಮಾತು. ತಪ್ಪು ಆಗುವುದೆಲ್ಲ ಇಲ್ಲೇ.

ಅಕ್ಷರ ಒಡೆಯುವುದು. ಕಂಪ್ಯೂಟರ್ ಎಣಿಸುವುದು ಯೂನಿಕೋಡ್ ಸಂಕೇತವನ್ನು, ನಮ್ಮ ಅಕ್ಷರವನ್ನಲ್ಲ. ಕಾರವಾರ ನಮಗೆ ನಾಲ್ಕು, ಅದಕ್ಕೆ ಆರು. ಅಪ್ಪೆಹುಳಿ ನಮಗೆ ನಾಲ್ಕು, ಅದಕ್ಕೆ ಒಂಬತ್ತು. ಎಕ್ಸೆಲ್ಲಿನ ಉದ್ದ ಎಣಿಸುವ ಸೂತ್ರ ಹಾಕಿ ಮೂರು ಮನೆಯ ಪದ ಸೋಸಿದರೆ ಕಸ ಬರುತ್ತದೆ. ಬ್ರೌಸರಿನ ಸಿದ್ಧ ಸೌಲಭ್ಯವನ್ನೂ ನಂಬಬೇಡಿ, ಅದು ಒತ್ತಕ್ಷರವನ್ನು ಹಲಂತದ ಹತ್ತಿರ ಎರಡು ತುಂಡು ಮಾಡಬಹುದು. ನಿಮ್ಮದೇ ನಿಯಮ ಬರೆಯಿರಿ: ಸ್ವರ ಬಂದರೆ ಅದೇ ಒಂದು ಮನೆ. ವ್ಯಂಜನ ಬಂದರೆ ತಗೊಳ್ಳಿ, ಅದರ ಮುಂದೆ ಹಲಂತ ಇದ್ದು ಆಮೇಲೆ ಇನ್ನೊಂದು ವ್ಯಂಜನ ಇದ್ದರೆ ಅದನ್ನೂ ಸೇರಿಸಿ, ಹೀಗೇ ಹಲಂತ ಮುಗಿಯುವ ತನಕ. ಆಮೇಲೆ ಗುಣಿತದ ಚಿಹ್ನೆ ಇದ್ದರೆ ಸೇರಿಸಿ. ಕೊನೆಗೆ ಸೊನ್ನೆ ಅಥವಾ ವಿಸರ್ಗ ಇದ್ದರೆ ಅದನ್ನೂ. ಅಲ್ಲಿಗೆ ಒಂದು ಮನೆ.

ಒಡೆದ ಗುಣಿತ. ಇದು ಕಣ್ಣಿಗೆ ಕಾಣದ ರೋಗ. ‘ತೊ’ ದಲ್ಲಿರುವ ಒ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಅಂತ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತರ. ‘ದೇ’ ಕೂಡ ಹಾಗೇ, ಎ ಚಿಹ್ನೆ ಮತ್ತು ದೀರ್ಘದ ಚಿಹ್ನೆ. ತೊಡದೇವು ಸರಿಯಾಗಿ ಬರೆದರೆ ಏಳು ಸಂಕೇತ, ಎರಡೂ ಕಡೆ ಒಡೆದಿದ್ದರೆ ಒಂಬತ್ತು. ಆಟಗಾರ ಸರಿಯಾದ ಪದವನ್ನೇ ಹಾಕಿದರೂ ‘ತಪ್ಪು’ ಅನ್ನುತ್ತದೆ. ಹಳೆಯ ಫಾಂಟಿನ ಕಡತ ಪರಿವರ್ತಿಸಿ ತಂದ ಪಟ್ಟಿಯಲ್ಲಿ ಇದನ್ನು ಮೊದಲು ನೋಡಿ. ಮದ್ದು ಒಂದೇ: ಪಟ್ಟಿಯನ್ನೂ ಊಹೆಯನ್ನೂ ಹೋಲಿಸುವ ಮೊದಲು ಯೂನಿಕೋಡಿನ ಜೋಡಿಸಿದ ರೂಪಕ್ಕೆ (NFC) ತನ್ನಿ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದಕ್ಕೆ ಒಂದು ಸಾಲಿನ ಆಜ್ಞೆ ಇದೆ.

ಅದೃಶ್ಯ ಅಕ್ಷರ. ಕೆಲವು ಕೀಲಿಮಣೆ ಅರ್ಕಾವತ್ತಿನ ಜಾಗದಲ್ಲಿ, ಹಲಂತದ ಪಕ್ಕದಲ್ಲಿ, ಕಾಣದ ಜೋಡಕ (ZWJ) ಅಥವಾ ಬಿಡಿಸುಕ (ZWNJ) ಸೇರಿಸುತ್ತವೆ. ಹೋಲಿಸುವ ಮೊದಲು ಅವೆರಡನ್ನೂ ಕಿತ್ತುಹಾಕಿ. ಪದದ ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ಅದನ್ನೂ.

ಬೆಳಗಿನ ಐದೂವರೆ. ದಿನದ ಪದ ಆರಿಸಲಿಕ್ಕೆ ಒಂದು ಮೊದಲ ದಿನ ಹಿಡಿದು, ಇವತ್ತಿಗೆ ಎಷ್ಟು ದಿನ ಆಯ್ತು ಅಂತ ಎಣಿಸಿ, ಪಟ್ಟಿಯಲ್ಲಿ ಅಷ್ಟನೇ ಪದ ತೆಗೆಯುವುದು ರೂಢಿ. ಆ ಲೆಕ್ಕ ಗ್ರೀನಿಚ್ ಸಮಯದಲ್ಲಿ ಮಾಡಿದರೆ ನಮ್ಮಲ್ಲಿ ಪದ ಬದಲಾಗುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 5:30ಕ್ಕೆ. ಐದಕ್ಕೆ ಎದ್ದು ಆಡಿದವರಿಗೆ ನಿನ್ನೆಯದೇ ಪದ, ಆರಕ್ಕೆ ಎದ್ದವರಿಗೆ ಹೊಸದು. ಫೋನಿನ ಸ್ಥಳೀಯ ದಿನಾಂಕವನ್ನೇ ಹಿಡಿಯಿರಿ.

ಗಾತ್ರದ ಚಿಂತೆ ಬೇಡ. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್, ರಾಂಪಣಿ ಆರು ಸಂಕೇತ, 18 ಬೈಟ್. ಮೂರು ಸಾವಿರ ಪದ ಅಂದರೂ 60 ಕಿಲೋಬೈಟ್ ಸುತ್ತಮುತ್ತ. ಪಟ್ಟಿಯನ್ನು ಪುಟದ ಒಳಗೇ ಇಡಿ, ಒಮ್ಮೆ ತೆರೆದರೆ ಆಮೇಲೆ ನೆಟ್‌ವರ್ಕ್ ಬೇಡ. ವರ್ಡಲ್ಲೂ ಮೊದಲು ಹಾಗೇ ಇತ್ತು. ಆಷಾಢದ ಮಳೆಗೆ ಜೋಯಿಡಾ, ಯಲ್ಲಾಪುರದ ಕಡೆ ಟವರ್ ಮಲಗಿದರೂ ಆಟ ನಡೆಯುತ್ತದೆ. ಪುಟದ ಒಳಗೆ ಇಣುಕಿದರೆ ನಾಳೆಯ ಉತ್ತರ ಕಾಣುತ್ತದೆ, ಹೌದು. ಇಣುಕುವವರು ಯಾರು ಅಂತ ಎಲ್ಲರಿಗೂ ಗೊತ್ತೇ ಆಗುತ್ತದೆ, ದಿನಾ ಎರಡೇ ಸಾಲಿಗೆ ಮುಗಿಸುತ್ತಾರೆ.

ಗಂಗಾವಳಿ (ಅಂಕೋಲಾ)

ಸ್ಥಳೀಯ ದಿನಾಂಕ ಹಿಡಿದರೆ ಇನ್ನೊಂದು ಎಚ್ಚರ. ಗುಂಪಿನಲ್ಲಿ ದುಬೈ, ಮಸ್ಕತ್ತಿನಲ್ಲಿ ಇರುವ ಭಟ್ಕಳ, ಹೊನ್ನಾವರದವರು ಇದ್ದಾರೆ. ಅಲ್ಲಿ ದಿನ ಬದಲಾಗುವುದು ನಮ್ಮ ರಾತ್ರಿ 1:30ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರ ದಿನ ಮುಗಿಯುವುದು ನಮ್ಮ ಮರುದಿನ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ. ಇಂಗ್ಲಿಷ್ ವರ್ಡಲ್ಲಿಗೂ ಇದೇ ಲೆಕ್ಕ, ಅದೂ ಅವರವರ ಮಧ್ಯರಾತ್ರಿಗೇ ಬದಲಾಗುತ್ತದೆ.

ಹಾಗಾಗಿ ಒಂದು ದಿನದ ಪದದ ಬಗ್ಗೆ ಬಾಯಿಬಿಡುವುದು ಮರುದಿನ ಮಧ್ಯಾಹ್ನ ಊಟ ಆದಮೇಲೆ, 1:30ರ ನಂತರ. ಅಲ್ಲಿ ತನಕ ಬರೀ ಬಣ್ಣದ ಚೌಕ. ಬಣ್ಣದ ಜೊತೆ ‘ಇವತ್ತು ಬಾಯಲ್ಲಿ ನೀರು’, ‘ಇವತ್ತಿನದು ಕಡಲಿಗೆ ಸಂಬಂಧ’ ಅಂತ ಬರೆಯುವುದೂ ಸುಳಿವೇ. ನಗುವ ಮುಖ ಹಾಕಿದರೂ ಸುಳಿವೇ ಅನ್ನುವವರು ಇದ್ದಾರೆ, ಅಷ್ಟಕ್ಕೆ ಹೋಗುವುದು ಬೇಡ.

ಬನವಾಸಿ ದಾರಿ (ಶಿರಸಿ)

ಅವಧಿ ಮುಗಿದ ಒಂದು ಹಳೆಯ ಪದ ಹಾಕುತ್ತೇನೆ, ನಾಲ್ಕನೇ ಸಾಲಿಗೆ ನೀವಾದರೆ ಏನು ಹಾಕುತ್ತಿದ್ದಿರಿ ಹೇಳಿ.

ಕನಸು ⬛⬛🟪
ತರಲೆ ⬛⬛⬛
ಮಡದಿ ⬛🟪⬛

ಕೋಡಿಬಾಗ (ಕಾರವಾರ)

ಸು ಮೂರನೇ ಮನೆಯಲ್ಲಿ ನೇರಳೆ. ಸ ಇರುವುದು ಮೊದಲನೆಯದು ಅಥವಾ ಎರಡನೆಯದು, ಗುಣಿತ ಉ ಅಲ್ಲ. ಡ ನಡುವೆ ನೇರಳೆ. ಡ ಇರುವುದು ಮೊದಲನೆಯದು ಅಥವಾ ಮೂರನೆಯದು, ಬರೀ ಡ ಅಲ್ಲ. ಹಾಗಾಗಿ ಎಲ್ಲರ ಬಾಯಿಗೆ ಮೊದಲು ಬರುವ ‘ಸಂಗಡ’ ಸತ್ತಿತು, ಅದಾಗಿದ್ದರೆ ಡ ಹಳದಿ ಬರಬೇಕಿತ್ತು. ಡ ಯಿಂದ ಶುರುವಾಗಿ ನಡುವೆ ಸ ಇರುವ ಪದ ಸದ್ಯಕ್ಕೆ ನೆನಪಿಗಿಲ್ಲ. ಸ ಮೊದಲು, ಡ ಕೊನೆಗೆ, ಕ ನ ತ ರ ಲ ಮ ದ ಯಾವುದೂ ಇಲ್ಲ. ನಡುವೆ ಗ ಕೂರುತ್ತದೆ. ಸೊಗಡು ಹಾಕುತ್ತೇನೆ.

ಬನವಾಸಿ ದಾರಿ (ಶಿರಸಿ)

ಸೊಗಡು 🟦🟩🟦

ಕೋಡಿಬಾಗ (ಕಾರವಾರ)

ಸೊಗಡು ಅಲ್ಲದಿದ್ದರೆ ಸೊಗಡಿನ ಮೂಲವೇ. ಸಿಗಡಿ!

ಬನವಾಸಿ ದಾರಿ (ಶಿರಸಿ)

ಸಿಗಡಿ 🟦🟩🟩

ಕೋಡಿಬಾಗ (ಕಾರವಾರ)

ಏನು ನೀಲಿ? ಕಾರವಾರದ ಪೇಟೆಯಲ್ಲಿ ಬುಟ್ಟಿ ಮುಂದೆ ಇಟ್ಟುಕೊಂಡು ಕೂತವರನ್ನು ಕೇಳಿ ಬನ್ನಿ. ಪದ ಇಟ್ಟವರು ಯಾರು?

ಘಟ್ಟದ ಮೇಲಿನವ (ಶಿರಸಿ)

ನಾನೇ. ನಿಘಂಟಿನಲ್ಲಿ ಸೀಗಡಿ ಅಂತ ಕಂಡಿತು, ಇಟ್ಟೆ. ನಾವು ತಿನ್ನುವವರಲ್ಲ, ದೀರ್ಘ ಹ್ರಸ್ವ ಎಲ್ಲಿ ಗೊತ್ತಾಗಬೇಕು.

ಕಾಳಿ ಸೇತುವೆ (ಕಾರವಾರ)

ಜೋಡಿ ಪಟ್ಟಿಗೆ ಸೇರಿಸಿದೆ: ಸಿಗಡಿ / ಸೀಗಡಿ. ಕೋಡಿಬಾಗದವರಿಗೆ ಐದನೇ ಸಾಲಿಗೆ ಗೆಲುವು ಬರೆದುಕೊಂಡಿದ್ದೇನೆ. ಘಟ್ಟದ ಮೇಲಿನವರು ಮೀನಿನ ಪದ ಇಡುವ ಮೊದಲು ಕೆಳಗಿನವರಿಗೆ ಒಮ್ಮೆ ಫೋನ್ ಮಾಡಿ, ನಾವು ಅಡಿಕೆ ಪದಕ್ಕೆ ನಿಮ್ಮನ್ನು ಕೇಳುತ್ತೇವೆ.